ಹಳೇ ಗ್ರಾಮ ನಕ್ಷೆ ನೋಡಿ ಮನೆತನದ ಮೂಲ ಹುಡುಕಬಹುದಾ?

ನಿಮ್ಮ ತಾತನ ಊರು ತುಮಕೂರು ಕಡೆ, ಈಗ ಅಲ್ಲಿ ಜಮೀನೂ ಇಲ್ಲ, ಹತ್ತಿರದ ನೆಂಟರೂ ಇಲ್ಲ, ಹಳೇ ನಕ್ಷೆಯಿಂದ ಹಿಂದಿನವರ ಬಗ್ಗೆ ಏನಾದರೂ ತಿಳಿಯುತ್ತದಾ ಅಂತ ಕೇಳಿದ್ದೀರಿ. ತಿಳಿಯುತ್ತದೆ. ಆದರೆ ನಕ್ಷೆಯಲ್ಲಿ ಯಾರ ಹೆಸರೂ ಇರುವುದಿಲ್ಲ, ಇರುವುದು ಸರ್ವೆ ನಂಬರ್. ಹೆಸರುಗಳೆಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿವೆ. ಅಲ್ಲಿ ಮೊದಲು ಕೇಳುವುದೇ "ಸರ್ವೆ ನಂಬರ್ ಎಷ್ಟು?" ಅಂತ. ಹಾಗಾಗಿ ನಕ್ಷೆಯಿಂದ ನಂಬರ್, ನಂಬರಿನಿಂದ ಹೆಸರು. ನಾನು ನಮ್ಮ ಮನೆತನದ್ದು ಹುಡುಕಿದ್ದೂ ಹೀಗೇ. ನಮ್ಮವರೂ ಅದೇ ಸೀಮೆಯವರು.

ಗ್ರಾಮ ನಕ್ಷೆ ಭೂದಾಖಲೆಗಳ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹೋಬಳಿ ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಹೊಸಹಳ್ಳಿ ಅನ್ನುವ ಊರು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತಲ್ಲ. ಹಳೇ ಮೈಸೂರಿನಲ್ಲಿ ಹೊಲಹೊಲವನ್ನೂ ಅಳೆದ ಸರ್ವೆ ಶುರುವಾಗಿದ್ದು 1863ರಲ್ಲಿ, ಬಾಂಬೆ ಮಾದರಿಯಲ್ಲಿ. ಅಳತೆಗೆ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ಅದಕ್ಕೂ ಹಿಂದೆ, ಟಿಪ್ಪು ಸತ್ತ ಮೇಲೆ, ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ಮಾಡಿಸಿದ ಮೈಸೂರು ಸರ್ವೆಯ ನಕ್ಷೆಗಳಿವೆ. ನೋಡೋಕೆ ಚೆನ್ನಾಗಿವೆ. ಆದರೆ ಅವುಗಳಲ್ಲಿ ಊರು, ಕೆರೆ, ದಾರಿ ಕಾಣುತ್ತವೆಯೇ ಹೊರತು ನಿಮ್ಮ ತಾತನ ಹೊಲ ಕಾಣುವುದಿಲ್ಲ.

ಜಮೀನು ಕೈಬಿಟ್ಟು ಹೋದವರಿಗೆ ನಂಬರ್ ಸಿಗುವುದೇ ಕಷ್ಟ. ಟ್ರಂಕಿನಲ್ಲಿ ಹಳೇ ಕಂದಾಯದ ರಶೀದಿ, ಕ್ರಯಪತ್ರ, ಪಾಲುಪಟ್ಟಿ ಏನಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಮನೆಯ ಹಿರಿಯರನ್ನು ಹೊಲದ ಹೆಸರು ಕೇಳಿ. ಸರ್ವೆ ನಂಬರ್ ಯಾರಿಗೂ ನೆನಪಿರುವುದಿಲ್ಲ, "ಕೋಡಿ ಕೆಳಗಿನ ಗದ್ದೆ", "ತೋಪಿನ ಪಕ್ಕದ ಹೊಲ" ಅನ್ನುವುದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ನಕ್ಷೆಯಲ್ಲಿ ಕೆರೆ, ಹಳ್ಳ, ಗುಂಡುತೋಪು, ಬಂಡಿದಾರಿ ಗುರುತು ಮಾಡಿರುತ್ತಾರೆ. ಅದರ ಆಸುಪಾಸಿನ ನಂಬರುಗಳನ್ನು ಬರೆದುಕೊಳ್ಳಿ. ಊರಿಗೆ ಹೋಗೋಕೆ ಆದರೆ ಇನ್ನೂ ಸುಲಭ. ಹೊಲದಲ್ಲಿ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆಗೆದರೆ ನಂಬರ್ ತೋರಿಸುತ್ತದೆ.

ನಂಬರ್ ಸಿಕ್ಕ ಮೇಲೆ ಹಳೇ ಪಹಣಿ, ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕುದಾಖಲೆ) ಪುಸ್ತಕದ ನಕಲಿಗೆ ಅರ್ಜಿ ಹಾಕಿ. ಎಲ್ಲಕ್ಕಿಂತ ಬೆಲೆಯಿರುವುದು ಪೌತಿ ಖಾತೆಯ ಎಂ.ಆರ್., ಅಂದರೆ ಖಾತೆ ಬದಲಾದದ್ದನ್ನು ಬರೆದಿಡುವ ಮ್ಯುಟೇಷನ್ ರಿಜಿಸ್ಟರ್. ಖಾತೆದಾರ ತೀರಿಕೊಂಡಾಗ ಜಮೀನು ಯಾರ ಹೆಸರಿಗೆ ಹೋಯಿತು, ಅವರು ಸತ್ತವರಿಗೆ ಏನಾಗಬೇಕು ಅನ್ನುವುದು ಅದರಲ್ಲಿರುತ್ತದೆ. ಒಂದರ ಹಿಂದೆ ಒಂದು ತೆಗೆಸುತ್ತಾ ಹೋದರೆ ಅದೇ ವಂಶವೃಕ್ಷ. ಹಿಸ್ಸಾ ಟಿಪ್ಪಣಿ, ಅಂದರೆ ಒಂದು ನಂಬರನ್ನು ಪಾಲು ಮಾಡಿ ಅಳೆದ ದಾಖಲೆ, ಅದನ್ನೂ ಬಿಡಬೇಡಿ. 42 ಇದ್ದದ್ದು 42/1, 42/2, 42/3 ಆಗಿದ್ದರೆ ಅಣ್ಣತಮ್ಮಂದಿರು ಭಾಗವಾಗಿರುವ ಸಾಧ್ಯತೆ ಜಾಸ್ತಿ. ನಮ್ಮ ಮುತ್ತಾತನಿಗೆ ಒಬ್ಬ ಅಣ್ಣ ಇದ್ದ ಅನ್ನುವುದು ನಮಗೆ ಗೊತ್ತಾಗಿದ್ದೇ ಅಲ್ಲಿ. ಮನೆಯಲ್ಲಿ ಯಾರೂ ಆತನ ಸುದ್ದಿ ಎತ್ತುತ್ತಿರಲಿಲ್ಲ. ಜಗಳ ಆಗಿತ್ತು ಅಂತ ಕಾಣುತ್ತದೆ. ಹಳೇ ಪತ್ರಗಳ ಚೆಕ್ಕುಬಂದಿಯನ್ನೂ ನಕ್ಷೆ ಎದುರಿಗಿಟ್ಟುಕೊಂಡು ಓದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರದು ಅಂತ ಬರೆದಿರುತ್ತದಲ್ಲ, ಆ ಪಕ್ಕದವರು ಎಷ್ಟೋ ಸಲ ದಾಯಾದಿಗಳೇ.

ಊರೇ ಸಿಗದಿದ್ದರೆ ಗಾಬರಿಯಾಗಬೇಡಿ. ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತ ಇರುತ್ತವೆ. ಜನ ಇಲ್ಲ, ಆದರೆ ಊರಿನ ಹೆಸರು, ಗಡಿ, ಸರ್ವೆ ನಂಬರ್ ಎಲ್ಲ ಹಾಗೇ ಇದೆ. 1876ರಿಂದ 78ರ ಬರ, 1898ರಲ್ಲಿ ಮೈಸೂರು ಸೀಮೆಗೆ ಬಂದ ಪ್ಲೇಗು, ನೀರಿನ ತೊಂದರೆ, ಹೀಗೆ ಊರು ಬಿಡೋಕೆ ಕಾರಣ ಬೇಕಾದಷ್ಟಿದ್ದವು. ಅಲ್ಲಿದ್ದವರ ಮನೆದೇವರ ಗುಡಿ ಮಾತ್ರ ಎಷ್ಟೋ ಸಲ ಅಲ್ಲೇ ಉಳಿದಿರುತ್ತದೆ. ಆದ್ದರಿಂದ ನಿಮ್ಮ ಮನೆದೇವರು ಎಲ್ಲಿದೆ ಅಂತ ಮೊದಲು ಕೇಳಿ. ಆ ಗುಡಿ ಯಾವ ಗ್ರಾಮದ ನಕ್ಷೆಯಲ್ಲಿ ಬರುತ್ತದೋ ಅಲ್ಲಿಂದ ಹುಡುಕಿ. ಇದು ನನ್ನ ಅನುಭವದಲ್ಲಿ ಕಾಗದಕ್ಕಿಂತ ಬೇಗ ಕೆಲಸ ಮಾಡಿದೆ.

ಇನ್ನೊಂದು ಮಾತು. ಇದೆಲ್ಲ ಜಮೀನು ಇದ್ದವರ ಕಥೆ. ಗೇಣಿ ಮಾಡುತ್ತಿದ್ದವರಾದರೆ, ಉಳುವವನಿಗೇ ಭೂಮಿ ಕೊಟ್ಟ 1974ರ ಭೂಸುಧಾರಣೆಗಿಂತ ಹಿಂದಿನ ಪಹಣಿಯಲ್ಲಿ ಸಾಗುವಳಿದಾರರ ಕಲಂ ನೋಡಿ, ಒಡೆಯರ ಕಲಂನಲ್ಲಿ ಸಿಗುವುದಿಲ್ಲ. ತೋಟಿ, ತಳವಾರ, ನೀರಗಂಟಿ ಮನೆಗಳಿಗೆ ಊರ ಚಾಕರಿಗೆ ಬದಲಾಗಿ ಕೊಟ್ಟ ಜಮೀನು, ಅಂದರೆ ಚಾಕರಿ ಇನಾಮು ಇರುತ್ತಿತ್ತು, ಅದು ಬೇರೆಯಾಗಿ ದಾಖಲಾಗಿದೆ. ಕೂಲಿ ಮಾಡಿಕೊಂಡಿದ್ದವರ ವಿಷಯದಲ್ಲಿ ಈ ದಾಖಲೆಗಳು ಹೆಚ್ಚುಕಡಿಮೆ ಮೂಕ. ಹೆಂಗಸರ ಹೆಸರೂ ಅಪರೂಪ, ಹೆಚ್ಚಾಗಿ ಗಂಡ ಸತ್ತು ಖಾತೆ ಅವರಿಗೆ ಬಂದಾಗ ಕಾಣುತ್ತದೆ.

ಕೊನೆಗೆ, ಊರಿಗೆ ಹೋಗಿ ಎಂ.ಆರ್., ಟಿಪ್ಪಣಿ ಅಂತ ಮಾತಾಡಿದರೆ ಈಗ ಉಳುತ್ತಿರುವವರು ನಿಮ್ಮನ್ನು ಅನುಮಾನದಿಂದ ನೋಡುತ್ತಾರೆ. ಪಾಲು ಕೇಳೋಕೆ ಬಂದ ಅಂದುಕೊಳ್ಳುತ್ತಾರೆ, ಅವರ ತಪ್ಪೂ ಅಲ್ಲ. ಮೊದಲ ಸಲ ಕಾಗದ ಯಾವುದೂ ಒಯ್ಯಬೇಡಿ. ಮನೆದೇವರ ಪೂಜೆಗೆ ಬಂದೆ ಅಂತ ಹೇಳಿ, ಪೂಜೆಯನ್ನೂ ಮಾಡಿಸಿ. ಮಾತು ತಾನಾಗಿ ಹಳಬರ ಕಡೆ ತಿರುಗುತ್ತದೆ.