ಗುಡ್ಡ ಕುಸಿದ ಊರಿಗೆ ನೆಂಟರನ್ನು ಕರೆಯುವುದು ಹೇಗೆ?

ಪ್ರಶ್ನೆ: ನಮ್ಮದು ಕೊಡಗಿನ ಮಕ್ಕಂದೂರಿನಿಂದ ಒಳಗಿರುವ ಸಣ್ಣ ಊರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯುವ ಮೊದಲು ನಮ್ಮೂರಿನ ಹೆಸರು ಮಡಿಕೇರಿಯಲ್ಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಈಗ ಮೊಬೈಲಿನಲ್ಲಿ ಹುಡುಕಿದರೆ ಕುಸಿದ ಗುಡ್ಡದ ಫೋಟೋ ಮಾತ್ರ ಬರುತ್ತದೆ. ಗದ್ದೆ ಮಣ್ಣಿನಡಿ ಹೋಯಿತು. ಮನೆ ಉಳಿದಿದೆ, ಎರಡು ಎಕರೆ ಕಾಫಿ ಉಳಿದಿದೆ. ಮಗ ಬೆಂಗಳೂರಿನಲ್ಲಿದ್ದಾನೆ. ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಇಳಿಜಾರು) ಕಡಿಸಿ ನಾಲ್ಕು ಕಾಟೇಜು, ಒಂದು ಸ್ವಿಮ್ಮಿಂಗ್ ಪೂಲ್ ಮಾಡೋಣ, ಸಾಲ ಸಿಗುತ್ತದೆ ಅನ್ನುತ್ತಾನೆ. ಊರಿನ ಇನ್ನೂ ಆರು ಮನೆಯವರಿಗೆ ಅದೇ ಆಸೆ. ಏನು ಮಾಡಲಿ ಮೇಡಂ?
– ಒಬ್ಬ ತಾಯಿ, ಮಡಿಕೇರಿ ತಾಲೂಕು

ಉತ್ತರ: ಅಕ್ಕಾ, ಮೊದಲ ಮಾತು, ಬರೆಗೆ ಕೈ ಹಾಕಬೇಡಿ. ಆ ವರ್ಷ ಮಳೆ ವಿಪರೀತ ಸುರಿದದ್ದು ನಿಜ. ಆದರೆ ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಅಂತ ಇಳಿಜಾರು ಕಡಿದದ್ದೂ ಕುಸಿತಕ್ಕೆ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಹೇಳಿದ್ದಾರೆ. ಒಂದು ಮಳೆಗಾಲದಲ್ಲಿ ನಾನೇ ಒಂದು ಹೋಮ್‌ಸ್ಟೇಯ ಹಿಂದೆ ನಿಂತು ನೋಡಿದ್ದೇನೆ. ಎರಡಾಳೆತ್ತರ ಕಡಿದ ಬರೆ, ಅದಕ್ಕೆ ಹೊದಿಸಿದ ನೀಲಿ ಟಾರ್ಪಾಲು, ಬುಡದಲ್ಲಿ ಬೆರಳು ಗಾತ್ರದ ಒಂದು ತೂತಿನಿಂದ ಒಸರುತ್ತಿದ್ದ ಕೆಂಪು ನೀರು. ಮಳೆ ಬಿಟ್ಟು ಒಂದು ಗಂಟೆಯಾಗಿತ್ತು, ನೀರು ಬಿಟ್ಟಿರಲಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆಗೆ ನನ್ನ ಮಂಚ. ಆ ರಾತ್ರಿ ನಿದ್ದೆ ಮಾಡಲಿಲ್ಲ.

ಪೂಲ್ ಬೇಡವೇ ಬೇಡ. ಏಪ್ರಿಲ್–ಮೇ ರಜೆಗೆ ಜನ ಜಾಸ್ತಿ ಬರುತ್ತಾರೆ, ತೋಡು (ಸಣ್ಣ ಹಳ್ಳ) ಸೊರಗುವುದೂ ಆಗಲೇ ಅಲ್ವಾ?

ಸಾಲದ ಲೆಕ್ಕವನ್ನು ಮಗನ ಜೊತೆ ಕೂತು ಮಾಡಿ. ಕಂತು ಹನ್ನೆರಡು ತಿಂಗಳೂ ಕಟ್ಟಬೇಕು, ಜನ ಬರುವುದು ಶನಿವಾರ, ಭಾನುವಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಂಥ ಊರಿನವರು ಬುಕಿಂಗ್ ತೆಗೆದುಕೊಳ್ಳಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2018ರಲ್ಲಿ ಜಿಲ್ಲಾಡಳಿತವೇ ಪ್ರವಾಸಿಗರನ್ನು ಬರಬೇಡಿ ಅಂದಿತ್ತು, ನೆನಪಿದೆಯಲ್ಲ. ಹಾಗಾಗಿ ಕಾಫಿ, ಮೆಣಸು ಮೊದಲು. ನೆಂಟರಂತೆ ಬರುವ ಪ್ರವಾಸಿಗರಿಂದ ಸಿಗುವುದು ಅದರ ಮೇಲಿನ ಸಂಪಾದನೆ. ಕುಸಿದು ಹೋದ ಕಡೆ ಗಿಡ ನಿಲ್ಲುವಂತಿದ್ದರೆ ಈಗಲೇ ನೆಡಿ, ಫಸಲಿಗೆ ಹೇಗೂ ಮೂರು ನಾಲ್ಕು ವರ್ಷ ಬೇಕು.

ಹಾಗಾದರೆ ಏನು ಮಾಡಬಹುದು? ಇರುವ ಮನೆಯಲ್ಲೇ ಎರಡು ಕೋಣೆ ಕೊಡಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಬಂದವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದಿಡಿ. ಏಳು ಮನೆ ಒಬ್ಬರ ಮೇಲೊಬ್ಬರು ರೇಟು ಇಳಿಸಿಕೊಂಡರೆ ಎಲ್ಲರೂ ಮುಳುಗುತ್ತೀರಿ. ಒಂದೇ ಫೋನ್ ನಂಬರ್ ಇಟ್ಟುಕೊಳ್ಳಿ, ಸರದಿ ಮೇಲೆ ಅತಿಥಿಗಳನ್ನು ಹಂಚಿಕೊಳ್ಳಿ. ಕೋಣೆ ಇಲ್ಲದ ಮನೆಯವರು ಅಡುಗೆ ಮಾಡಲಿ, ಹುಡುಗರು ದಾರಿ ತೋರಿಸಲಿ, ಜೀಪ್ ಇದ್ದವರು ಜೀಪ್ ಓಡಿಸಲಿ. ಮಾಂದಲಪಟ್ಟಿ ಗುಡ್ಡದ ವ್ಯೂ ಪಾಯಿಂಟ್‌ಗೆ ಬೆಳಗ್ಗೆ ಬೆಳಗ್ಗೆ ಸಾಲುಸಾಲು ಜೀಪ್ ಹೋಗುತ್ತದಲ್ಲ, ಜನ ಮಂಜು ನೋಡಿ ಇಳಿದು ಹೋಗುತ್ತಾರೆ, ದಾರಿಯ ಊರಿಗೆ ಧೂಳು ಮತ್ತು ಖಾಲಿ ಬಾಟಲಿ. ನಿಮ್ಮೂರಿಗೆ ಅದು ಬೇಡ.

ನಿಮ್ಮ ಹತ್ತಿರ ಇರುವುದು ತೋಟದ ವರ್ಷ, ಅದನ್ನೇ ತೋರಿಸಿ. ನನಗೆ ತುಂಬಾ ಇಷ್ಟವಾದ ಒಂದು ಯೋಚನೆ ಹೇಳುತ್ತೇನೆ. ಒಮ್ಮೆ ಬಂದು ಹೋದವರ ನಂಬರ್ ಇಟ್ಟುಕೊಳ್ಳಿ. ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಬಿಡಿಸುವ ಮಳೆ) ಚೆನ್ನಾಗಿ ಬಿದ್ದ ದಿನ ಫೋನ್ ಮಾಡಿ, ‘ಮಳೆ ಬಂತು, ಇನ್ನು ಎಂಟು ಹತ್ತು ದಿನಕ್ಕೆ ಹೂ ಬಿಡುತ್ತದೆ, ಬನ್ನಿ’ ಅನ್ನಿ. ತೋಟವೆಲ್ಲ ಬೆಳ್ಳಗೆ, ಜೇನಿನ ಸದ್ದು, ಮಲ್ಲಿಗೆಯಂಥ ಪರಿಮಳ, ಎರಡು ಮೂರು ದಿನದಲ್ಲಿ ಮುಗಿದೇ ಹೋಗುತ್ತದೆ. ಗಿಡದ ನಡುವೆ ನುಗ್ಗಲು ಮಾತ್ರ ಬಿಡಬೇಡಿ, ರೊಬಸ್ಟಾ ಕಾಯಿ ಕಚ್ಚಲು ಜೇನು ಬೇಕು. ಕೊಯ್ಲಿನ ಹೊತ್ತಿಗೆ ಬಂದವರು ಕಣದಲ್ಲಿ ಕಾಫಿ ಕೆದಕಲಿ. ಊಟಕ್ಕೆ ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಒತ್ತು ಶ್ಯಾವಿಗೆ), ನಮ್ಮ ಹುಳಿ ಕಾಚಂಪುಳಿ ಹಾಕಿದ ಪದಾರ್ಥ ಸಾಕು. ಗೋಬಿ ಮಂಚೂರಿ ಅವರ ಊರಲ್ಲೇ ಸಿಗುತ್ತದೆ.

ದೇವರಕಾಡಿಗೆ ಸುಮ್ನೆ ಸುತ್ತಾಡಲು ಯಾರನ್ನೂ ಕರೆದುಕೊಂಡು ಹೋಗಬೇಡಿ. ಕುಸಿದ ಜಾಗವನ್ನೂ ವ್ಯೂ ಪಾಯಿಂಟ್ ಮಾಡಬೇಡಿ. ಅಲ್ಲಿ ಮನೆ ಕಳೆದುಕೊಂಡವರು ಇನ್ನೂ ಇದ್ದಾರೆ, ಜಂಬೂರು, ಕರ್ಣಂಗೇರಿಯ ಪುನರ್ವಸತಿಯ ಹೊಸ ಮನೆಗಳಿಂದ ಉಳಿದ ತೋಟ ನೋಡಲು ಬಂದು ಹೋಗುವವರೂ ಇದ್ದಾರೆ. ಅವರ ಮುಂದೆ ಯಾರೋ ಸೆಲ್ಫಿ ತೆಗೆದುಕೊಳ್ಳುವುದನ್ನು ನೀವೂ ಸಹಿಸಲಾರಿರಿ.

ಪ್ರಶ್ನೆ: ಜನವರಿಯಲ್ಲಿ ಕೊಡಗಿಗೆ ಹೋಗಬೇಕೆಂದಿದ್ದೇವೆ. ಕಷ್ಟಪಟ್ಟ ಊರಿಗೆ ಮಜಾ ಮಾಡಲು ಹೋಗುವುದು ತಪ್ಪಾ?
– ಓದುಗರು, ಹುಬ್ಬಳ್ಳಿ

ಉತ್ತರ: ತಪ್ಪಲ್ಲ, ಬನ್ನಿ. ಯಾರೂ ಬಾರದಿದ್ದರೆ ಆ ಊರಿನ ಹುಡುಗರು ಬೆಂಗಳೂರು ಬಸ್ ಹತ್ತುತ್ತಾರೆ, ಅಷ್ಟೇ. ಒಂದು ದಿನಕ್ಕೆ ಐದು ಜಾಗ ಓಡಬೇಡಿ, ಒಂದೇ ಮನೆಯಲ್ಲಿ ಎರಡು ರಾತ್ರಿ ಉಳಿಯಿರಿ. ನೀರಿನ ಬಾಟಲಿ ಮನೆಯಿಂದ ತನ್ನಿ, ಕಸ ವಾಪಸ್ ಒಯ್ಯಿರಿ. 2018ರ ಬಗ್ಗೆ ನೀವಾಗಿ ಕೆದಕಬೇಡಿ. ಮನೆಯವರು ತಾವಾಗಿ ಹೇಳಿದರೆ ಫೋನ್ ಪಕ್ಕಕ್ಕಿಟ್ಟು ಕೇಳಿ. ಹೊರಡುವಾಗ ಕಾಫಿ ಪುಡಿ, ಕರಿಮೆಣಸು ಅವರ ಹತ್ತಿರವೇ ತೆಗೆದುಕೊಳ್ಳಿ, ಚೌಕಾಸಿ ಮಾಡಬೇಡಿ.