ಆ ಶಿಲುಬೆಗೆ ಹುಣಸೆಹಣ್ಣು ತಾಗಿಸಬೇಡಿ

ಶಿವಮೊಗ್ಗದಿಂದ ಓದುಗರೊಬ್ಬರು ಬರೆದಿದ್ದಾರೆ: "ಜರ್ಮನಿಯಲ್ಲಿರುವ ಮಗ ಅಲ್ಲಿನ ಹಳೇ ಸಾಮಾನಿನ ಸಂತೆಯಿಂದ ಒಂದು ಐರನ್ ಕ್ರಾಸ್ (ಜರ್ಮನ್ ಸೈನಿಕರಿಗೆ ಕೊಡುತ್ತಿದ್ದ ಶಿಲುಬೆಯಾಕಾರದ ಪದಕ) ತಂದಿದ್ದಾನೆ. ಮೇಲೆ 1914 ಎಂದಿದೆ, ಪಟ್ಟಿ ಪೋಣಿಸುವ ಉಂಗುರವಿದೆ. ಅದು ಹಿಟ್ಲರನ ಗುರುತು, ಮನೆಯಲ್ಲಿಡಬಾರದು ಅನ್ನುತ್ತಾರೆ ನಮ್ಮ ಭಾವ. ಹುಣಸೆಹಣ್ಣು ಹಾಕಿ ತಿಕ್ಕಿದೆ, ಅಂಚು ಹೊಳೆಯಿತು, ನಡುವಿನ ಕಪ್ಪು ಹೋಗಲಿಲ್ಲ. ಇಟ್ಟುಕೊಳ್ಳುವುದೋ, ಬಿಸಾಡುವುದೋ?"

ಇಟ್ಟುಕೊಳ್ಳಿ ತಾಯಿ. ತಿಕ್ಕುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಆ ಕಪ್ಪು ಕೊಳೆಯಲ್ಲ, ಬೆಳ್ಳಿಯ ಅಂಚಿನೊಳಗೆ ಕೂರಿಸಿದ ಕಬ್ಬಿಣಕ್ಕೆ ಬಳಿದ ಬಣ್ಣ. ಹುಳಿ ತಾಗಿ ಅದು ಎದ್ದುಹೋದರೆ ತುಕ್ಕು ಹಿಡಿಯುತ್ತದೆ.

ನಿಮ್ಮ ಭಾವನವರ ಅಸಹ್ಯಕ್ಕೆ ಕಾರಣವಿಲ್ಲದಿಲ್ಲ. 1939ರಲ್ಲಿ ಹಿಟ್ಲರ್ ಇದೇ ಶಿಲುಬೆಯ ನಡುವೆ ಸ್ವಸ್ತಿಕ ಹಾಕಿಸಿದ. ಆದರೆ ನಿಮ್ಮದನ್ನು ಮಗುಚಿ ನೋಡಿ. ಓಕ್ ಎಲೆಗಳು, ಕೆಳಗೆ 1813. ನೆಪೋಲಿಯನ್ನನ ವಿರುದ್ಧ ಎದ್ದ, ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯದ ಅರಸ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್, ತೀರಿಹೋದ ತನ್ನ ರಾಣಿ ಲೂಯಿಸೆಯ ಹುಟ್ಟುಹಬ್ಬವಾದ ಮಾರ್ಚ್ 10ರ ತಾರೀಕು ಹಾಕಿ ಈ ಪದಕ ಸ್ಥಾಪಿಸಿದ ವರ್ಷ ಅದು. ಖಜಾನೆ ಬರಿದಾಗಿತ್ತು. ಹೆಂಗಸರು ಮದುವೆಯ ಉಂಗುರವನ್ನೂ ಬಿಚ್ಚಿಕೊಟ್ಟು ಕಬ್ಬಿಣದ ಉಂಗುರ ತೊಟ್ಟರು. "ಕಬ್ಬಿಣಕ್ಕೆ ಚಿನ್ನ ಕೊಟ್ಟೆ" ಎಂದು ಅದರ ಮೇಲೆ ಬರೆದಿರುತ್ತಿತ್ತು. ಅಂಥ ಕಾಲದ ಪದಕ ಕಬ್ಬಿಣದ್ದೇ ಆಯಿತು, ಸಾಮಾನ್ಯ ಸಿಪಾಯಿಗೂ ಸೇನಾಪತಿಗೂ ಅದೇ. ಹಿಟ್ಲರ್ ಇದನ್ನು ಹುಟ್ಟಿಸಲಿಲ್ಲ, ಕಿತ್ತುಕೊಂಡ.

1914ರಲ್ಲಿ ಶುರುವಾದ ಮೊದಲ ಮಹಾಯುದ್ಧದಲ್ಲಿ ಇದನ್ನು ಎದೆಗೆ ಸಿಕ್ಕಿಸಿಕೊಂಡವರಲ್ಲಿ ಸಾವಿರಾರು ಯೆಹೂದಿಗಳಿದ್ದರು. 1918ರಲ್ಲಿ ಹಿಟ್ಲರನಿಗೇ ಮೊದಲ ದರ್ಜೆಯ ಐರನ್ ಕ್ರಾಸ್ ಕೊಡಿಸಲು ಶಿಫಾರಸು ಮಾಡಿದ ಹ್ಯೂಗೊ ಗುಟ್‌ಮನ್ ಯೆಹೂದಿ ಅಧಿಕಾರಿ. ಆ ಮನುಷ್ಯ ಕೊನೆಗೆ ಜೀವ ಉಳಿಸಿಕೊಳ್ಳಲು ಅಮೆರಿಕ ಸೇರಬೇಕಾಯಿತು. ನಿಮ್ಮ ಕೈಯಲ್ಲಿರುವುದು ಯಾರದೋ! ಈ ಪದಕದ ಮೇಲೆ ಸಾಮಾನ್ಯವಾಗಿ ಹೆಸರು ಕೆತ್ತುತ್ತಿರಲಿಲ್ಲ, ಹೆಸರಿರುತ್ತಿದ್ದದ್ದು ಜೊತೆಗೆ ಕೊಟ್ಟ ಕಾಗದದಲ್ಲಿ. ಮಾರಿದವರ ಬಳಿ ಅದೇನಾದರೂ ಇತ್ತೇ, ಮಗನನ್ನು ಕೇಳಿದಿರಾ? ಪತ್ರದಲ್ಲಿ ಆ ಮಾತೇ ಇಲ್ಲದ್ದು ನನಗೆ ಬೇಸರ ತಂದಿತು. ಪದಕವನ್ನು ಒಬ್ಬರಿಗೆ, ಕಾಗದವನ್ನು ಇನ್ನೊಬ್ಬರಿಗೆ ಮಾರುವ ವ್ಯಾಪಾರ ಎಷ್ಟು ಜನರನ್ನು ಅನಾಮಿಕರನ್ನಾಗಿ ಮಾಡಿದೆಯೋ.

ದೂರದವರನ್ನು ಯಾಕೆ ದೂರಲಿ? ಅದೇ ಯುದ್ಧಕ್ಕೆ ನಮ್ಮಜ್ಜನ ಅಣ್ಣ ಮೆಸೊಪೊಟೇಮಿಯಕ್ಕೆ (ಇಂದಿನ ಇರಾಕ್) ಹೋಗಿದ್ದರು. ಬ್ರಿಟಿಷರು ನಮ್ಮ ಸಿಪಾಯಿಗಳಿಗೆ ಕೊಟ್ಟದ್ದು ಬೆಳ್ಳಿಯ ಪದಕ, ಅಂಚಿನಲ್ಲಿ ನಂಬರು, ಹೆಸರು, ಪಲ್ಟನ್ ಎಲ್ಲ ಕೆತ್ತಿದ್ದು. ಜರ್ಮನ್ ಕಬ್ಬಿಣವನ್ನು ಕರಗಿಸಲು ಯಾರಿಗೂ ಆಸೆಯಾಗಲಿಲ್ಲ. ನಮ್ಮ ಬೆಳ್ಳಿ ಊರೂರಲ್ಲಿ ಅಕ್ಕಸಾಲಿಗರ ಕುಲುಮೆ ಸೇರಿತು. ನಮ್ಮ ಮನೆಯದು ಕುಂಕುಮದ ಭರಣಿಯಾಯಿತು. ಭರಣಿ ಇವತ್ತಿಗೂ ದೇವರ ಮುಂದಿದೆ. ದೊಡ್ಡಜ್ಜ ಯಾವ ಪಲ್ಟನ್ನಿನಲ್ಲಿದ್ದರು ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೂ ಉಳಿದಿಲ್ಲ.

ಇಂದೇ ಮಗನಿಗೆ ಫೋನ್ ಮಾಡಿ. ಯಾವ ಊರಿನ ಸಂತೆ, ಯಾವ ದಿನ, ಮಾರಿದವರು ಏನು ಹೇಳಿದರು, ಎಲ್ಲ ಒಂದು ಚೀಟಿಯಲ್ಲಿ ಬರೆದು ಪದಕದ ಜೊತೆಗಿಡಿ. ಕಾಗದ ಸಿಕ್ಕರೆ ನನಗೂ ತಿಳಿಸಿ.