ಅಮ್ಮನಿಗೆ ಸ್ಕರ್ಟಿನ ಚಿಂತೆ, ನನಗೆ ನಿನ್ನ ತಲೆಯ ಚಿಂತೆ

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಬೆಳೆದವಳು, ಓಹಾಯೋದಲ್ಲಿ ಕಾಲೇಜು ಎರಡನೇ ವರ್ಷ. ಚಿಕ್ಕಂದಿನಿಂದ ಭರತನಾಟ್ಯ ಕಲಿತಿದ್ದೇನೆ, ಜಿಮ್ನಾಸ್ಟಿಕ್ಸ್ ಗೊತ್ತಿಲ್ಲ. ಎತ್ತರ ಐದಡಿ. ಏಪ್ರಿಲ್‌ನಲ್ಲಿ ಕಾಲೇಜಿನ ಚಿಯರ್ (ಚಿಯರ್‌ಲೀಡಿಂಗ್) ತಂಡಕ್ಕೆ ಟ್ರೈಔಟ್, ಅಂದರೆ ಆಯ್ಕೆ ಪರೀಕ್ಷೆ, ಇದೆ, ಸೇರುವ ಆಸೆ. ಫೋನಲ್ಲಿ ಸುಮ್ನೆ ಮಾತೆತ್ತಿದ್ದಕ್ಕೇ ಅಮ್ಮ "ಐಪಿಎಲ್‌ನಲ್ಲಿ ಕುಣಿಯೋರ ಹಾಗೆ ನಿಲ್ತೀಯಾ?" ಅಂತ ಅತ್ತುಬಿಟ್ಟರು. ಹೇಳದೆ ಸೇರಿಬಿಡಲಾ?

ಉತ್ತರ: ಸೇರು, ಆದರೆ ಕದ್ದು ಸೇರಬೇಡ. ಕಾಲೇಜಿನವರು ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುತ್ತಾರೆ, ಕನ್ನಡ ಕೂಟದ ಯಾರೋ ಆಂಟಿ ಅದನ್ನು ನೋಡಿ ಅಮ್ಮನಿಗೆ ವಾಟ್ಸಾಪ್ ಮಾಡುತ್ತಾರೆ, ಆಮೇಲೆ ನೀನು ನಿಜ ಹೇಳಿದರೂ ಅವರು ನಂಬೋದಿಲ್ಲ.

ಅಮ್ಮನ ಮೇಲೆ ಕೋಪ ಬೇಡ. 2008ರ ಮೊದಲ ಐಪಿಎಲ್‌ಗೆ ಆರ್‌ಸಿಬಿಯವರು ವಾಷಿಂಗ್ಟನ್‌ನ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಬೆಂಗಳೂರಿಗೇ ಕರೆಸಿದ್ದರು. ನಮ್ಮವರಲ್ಲಿ ಬಹಳ ಜನ ಚಿಯರ್‌ಲೀಡಿಂಗ್ ಅಂತ ಮೊದಲು ನೋಡಿದ್ದೇ ಆಗ. (ಅವರನ್ನು ಕೀಳಾಗಿ ನೋಡುವುದೂ ನನಗೆ ಹಿಡಿಸೋದಿಲ್ಲ, ಆ ಜಗಳ ಇನ್ನೊಂದು ದಿನ ಆಡೋಣ.) ಕಾಲೇಜಿನ ಚಿಯರ್ ಬೇರೆಯೇ ಕಥೆ. 1898ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಅನ್ನೋ ಹುಡುಗ ಪ್ರೇಕ್ಷಕರ ಮುಂದೆ ನಿಂತು ಕೂಗು ಹಾಕಿಸಿದ್ದರಿಂದ ಇದು ಶುರುವಾಯಿತು ಅಂತಾರೆ. ಹುಡುಗಿಯರು ಬಂದಿದ್ದು 1920ರ ದಶಕದಲ್ಲಿ. ಆಮೇಲೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಕೂಡ ವೆಸ್ಟ್ ಪಾಯಿಂಟ್ ಸೇನಾ ಕಾಲೇಜಿನಲ್ಲಿ ಮೊಣಕಾಲು ಕೆಟ್ಟು ಫುಟ್‌ಬಾಲ್ ಬಿಟ್ಟ ಮೇಲೆ ಚಿಯರ್‌ಲೀಡರ್ ಆಗಿದ್ದವರೇ. ಇದನ್ನು ಅಮ್ಮನಿಗೆ ಹೇಳು, ಸ್ವಲ್ಪ ನಗಲಿ.

ಈಗ ನನ್ನ ಚಿಂತೆ. ಐದಡಿ ಹುಡುಗಿ ಕಂಡರೆ ಕೋಚ್‌ಗಳಿಗೆ ಮೊದಲು ಹೊಳೆಯುವುದು "ಫ್ಲೈಯರ್". ಅಂದರೆ ಕೆಳಗೆ ನಿಲ್ಲುವ ಬೇಸ್‌ಗಳು ನಿನ್ನನ್ನು ಎತ್ತಿ ಹಿಡಿಯುತ್ತಾರೆ, ಗಾಳಿಗೆ ಎಸೆಯುತ್ತಾರೆ, ಹಿಂದೆ ನಿಂತ ಬ್ಯಾಕ್‌ಸ್ಪಾಟ್ ನಿನ್ನ ತಲೆ ಕುತ್ತಿಗೆ ಕಾಯಬೇಕು, ಅವರಲ್ಲಿ ಒಬ್ಬರ ಗಮನ ಅರೆಕ್ಷಣ ತಪ್ಪಿದರೂ ಬೀಳುವುದು ನೀನು. 2006ರಲ್ಲಿ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಚಿಯರ್‌ಲೀಡರ್ ಒಬ್ಬಳು ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಪಿರಮಿಡ್ ಮೇಲಿಂದ ಬಿದ್ದು ಕುತ್ತಿಗೆ ಮೂಳೆ ಮುರಿದುಕೊಂಡಳು. ಬದುಕುಳಿದಳು ಅನ್ನೋದೇ ಸಮಾಧಾನ. ಇಷ್ಟಾದರೂ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಚಿಯರ್ ಅನ್ನು ಕ್ರೀಡೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಫುಟ್‌ಬಾಲ್ ಹುಡುಗರಿಗೆ ಸಿಗುವ ಡಾಕ್ಟರು, ಟ್ರೈನರು ನಿನಗೂ ಸಿಗುತ್ತಾರೆ ಅಂತ ತಿಳ್ಕೋಬೇಡ, ಕಾಲೇಜಿಂದ ಕಾಲೇಜಿಗೆ ಬೇರೆ ಇರುತ್ತದೆ.

ಅದಕ್ಕೇ ಕೋಚ್ ಹತ್ತಿರ ಹೋಗಿ ನೇರವಾಗಿ ಕೇಳು. ಅಭ್ಯಾಸ ಮ್ಯಾಟ್ ಮೇಲಾ, ಬರೀ ನೆಲದ ಮೇಲಾ? ತಲೆಗೆ ಪೆಟ್ಟಾದರೆ ವಾಪಸ್ ಬರಬಹುದು ಅಂತ ಹೇಳುವವರು ಯಾರು? ಆಸ್ಪತ್ರೆ ಖರ್ಚು ಕಾಲೇಜಿನದಾ, ಅಪ್ಪನ ಇನ್ಶೂರೆನ್ಸ್‌ದಾ? ಈ ಪ್ರಶ್ನೆಗೆ ಮುಖ ಗಂಟಿಕ್ಕುವ ಕೋಚ್ ಆದರೆ ಆ ತಂಡದ ಸಹವಾಸವೇ ಬೇಡ.

ಇನ್ನೊಂದು. ಎಷ್ಟೋ ತಂಡಗಳು ಟ್ರೈಔಟ್‌ನಲ್ಲೇ ನಿಂತಲ್ಲಿಂದ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಕೈಯೂರಿ ಹೊಡೆಯುವ ಲಾಗ) ಹೊಡೆಯಲು ಹೇಳುತ್ತವೆ. ಅದನ್ನು ಯೂಟ್ಯೂಬ್ ನೋಡಿ ಹಾಸ್ಟೆಲ್ ರೂಮಲ್ಲಿ ಕಲಿಯಲು ಹೋಗಬೇಡ, ದಯವಿಟ್ಟು. ನಿನ್ನ ಕಾಲೇಜಿನಲ್ಲಿ ಪಾಮ್ (ಕೈಯಲ್ಲಿ ಕುಚ್ಚು ಹಿಡಿದು ಕುಣಿಯುವ) ಅಥವಾ ಡಾನ್ಸ್ ತಂಡ ಬೇರೆ ಇದೆಯಾ ನೋಡು. ಅಲ್ಲಿ ಯಾರೂ ಯಾರನ್ನೂ ಎಸೆಯುವುದಿಲ್ಲ. ಇಷ್ಟು ವರ್ಷದ ಅರೆಮಂಡಿ, ತಾಳ, ಅಡವು ನೆನಪಿಟ್ಟುಕೊಳ್ಳುವ ಅಭ್ಯಾಸ ಎಲ್ಲಾ ಅಲ್ಲೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ ನಿನ್ನ ಜಾಗ ಅದೇ.

ಸಮಯದ್ದು ನಿನಗೇ ಗೊತ್ತಲ್ವಾ, ಶರತ್ಕಾಲದ ಶನಿವಾರಗಳು ಫುಟ್‌ಬಾಲ್‌ಗೆ ಹೋಗುತ್ತವೆ, ಆಮೇಲೆ ಬಾಸ್ಕೆಟ್‌ಬಾಲ್. ಲ್ಯಾಬ್ ಇರುವ ಕೋರ್ಸ್‌ಗಳನ್ನು ನೋಡಿಕೊಂಡು ಹಾಕಿಕೋ.

ಬಟ್ಟೆಯ ವಿಷಯ ಮುಚ್ಚಿಡಬೇಡ. ತಂಡದ ಯೂನಿಫಾರ್ಮ್ ಫೋಟೊ ನೀನೇ ಅಮ್ಮನಿಗೆ ಕಳಿಸು, ಒಳಗೆ ಲೆಗ್ಗಿಂಗ್ಸ್ ಹಾಕಲು ಬಿಡ್ತಾರಾ ಅಂತಲೂ ಕೋಚ್‌ನ ಕೇಳಿಟ್ಟುಕೋ. ಮೊದಲು ಅಪ್ಪನನ್ನು ಒಪ್ಪಿಸಿ ಅವರ ಕೈಲಿ ಹೇಳಿಸೋಣ ಅಂತ ಮಾತ್ರ ಯೋಚಿಸಬೇಡ. ಅತ್ತಿದ್ದು ಅಮ್ಮ, ಫೋನ್ ಅವರಿಗೇ ಮಾಡು.